ಅರಗಿನ ಹದ್ದು

ಪಾನ್ ಓಲ್ಶಾನ್ಸ್ಕಿ, ನಿಮ್ಮ ಕೊನೆಯ ಬಾಟಲಿಯನ್ನು
ಇವತ್ತು ಬೆಳಿಗ್ಗೆ ತೆರೆದೆ.
ಕಪ್ಪು ಕರಂಟಿನ ಜಾಮು. ಒಂಬತ್ತು ವರ್ಷ ಹಳತು.
ಚಾಕುವಿನ ತುದಿ ಊರಿದ್ದೇ ತಡ ಅರಗು ಟಕ್ಕೆಂದು ಸೀಳಿ
ಹದ್ದಿನ ಒಂದು ರೆಕ್ಕೆ ಸಿಂಕಿಗೆ ಬಿತ್ತು.

ಕ್ಷಮಿಸಿ. ರಾಜ್ಯದ ಮುದ್ರೆ ಒಡೆಯುವ ಅಧಿಕಾರ
ಸಂಕೇತ ಬಿಡಿಸುವ ಗುಮಾಸ್ತೆಗಿಲ್ಲ ಎಂದಿದ್ದಿರಿ ನೀವೇ,
ರೀಗಾದಲ್ಲಿ, ನಾನು ಕೆಲಸಕ್ಕೆ ಸೇರಿದ ದಿನ,
ಕೋಟಿನ ಗುಂಡಿ ಒಂದು ಕಾಜಾ ತಪ್ಪಿಸಿ ಹಾಕಿಕೊಂಡು.

ಆ ಮುದ್ರೆಯ ಕತೆ ಎಷ್ಟು ಸಲ ಕೇಳಿಲ್ಲ!
ಲುಬ್ಲಿನ್ನಿನ ಅಕ್ಕಸಾಲಿ ಹೆರ್ಷ್ ಗ್ಲೇಝೆರ್
ಹದಿನೆಂಟರ ನವೆಂಬರಿನಲ್ಲಿ, ಸೀಮೆಎಣ್ಣೆ ಸಿಗದ ರಾತ್ರಿ,
ಮೇಣದ ಬತ್ತಿ ಹಚ್ಚಿಕೊಂಡು ಕೊರೆದದ್ದು.
"ಹದ್ದನ್ನು ಹತ್ತಿರದಿಂದ ನೋಡಿದವನಲ್ಲ ನಾನು" ಎಂದನಂತೆ,
"ನಮ್ಮ ಹಿತ್ತಲ ಹುಂಜಕ್ಕೆ ಕಿರೀಟ ಇಟ್ಟರೆ ನಡೆದೀತೆ?"
ನಡೆಯಿತು.
ಎರಡು ದಶಕ ಒಂದು ಗಣರಾಜ್ಯದ ಪತ್ರಗಳೆಲ್ಲ
ಎದೆಯುಬ್ಬಿದ ಒಂದು ಕೋಳಿಯ ಹೆಸರಲ್ಲಿ ಹೋಗಿಬಂದವು.

ನಿಮ್ಮ ತಂದೆ ಝಾರನ ಪ್ರಜೆ, ಮಾವ ಕೈಸರನ ಪ್ರಜೆ,
ಹೆಂಡತಿಯ ಅಜ್ಜಿಗೆ ವಿಯೆನ್ನಾದಿಂದ ಪಿಂಚಣಿ.
ಮದುವೆಯೂಟಕ್ಕೆ ಬರಲು ಮೂರು ಥರದ ರಹದಾರಿ.
ಅದಕ್ಕೇ ಇರಬೇಕು, ಸೇಯ್ಮ್‌ನಲ್ಲಿ ನಿಮ್ಮ ಮೊದಲ ಭಾಷಣ
ಸ್ವಾತಂತ್ರ್ಯದ ಬಗ್ಗೆ ಅಲ್ಲ, ರೈಲುಹಳಿಗಳ ಅಗಲದ ಬಗ್ಗೆ.
"ಇಲ್ಲಿ ಹೊರಟ ಗಾಡಿ ಅಲ್ಲಿ ಹಳಿಗೆ ಕೂರದಿದ್ದರೆ
ದೇಶ ಅನ್ನುವುದು ಬರೀ ಪದ್ಯ, ಮಹನೀಯರೇ."
ಎಡದವರೂ ಬಲದವರೂ ಒಟ್ಟಿಗೆ ಸಿಟ್ಟಾದದ್ದು
ಆ ಅಧಿವೇಶನದಲ್ಲಿ ಅದೊಂದೇ ಸಲ.

ಆಮೇಲೆ ಆ ಮೇ ತಿಂಗಳು. ಸೇತುವೆಯ ಮೇಲೆ
ನಮ್ಮವರೇ ನಮ್ಮವರತ್ತ ಗುಂಡು ಹಾರಿಸಿದರು.
ನೀವು ಯಾವ ಕಡೆ ಎಂದು ಯಾರೋ ಕೇಳಿದಾಗ
"ಟ್ರಾಮು ಮತ್ತೆ ಯಾವಾಗ?" ಎಂದಿರಿ.
ನಗಲಿಲ್ಲ ಯಾರೂ. ರೀಗಾಕ್ಕೆ ಕಳಿಸಿದರು,
ಹಾರ ಹಾಕಿ, ಬೆನ್ನು ತಟ್ಟಿ.

ಒಂದು ಮಾತು. ನೀವಿದ್ದಾಗ ಆಡಲಾಗದ್ದು.
ಮೂವತ್ತೆಂಟರ ಅಕ್ಟೋಬರ್.
ಉರಿಯುವ ಮನೆಯಿಂದ ಗಳ ಹಿರಿದಂತೆ
ಪಕ್ಕದ ದೇಶದಿಂದ ನಾವೂ ಒಂದು ಚೂರು ಕಿತ್ತುಕೊಂಡ ತಂತಿಯನ್ನು
ಅಂಕಿ ಅಂಕಿಯಾಗಿ ಬಿಡಿಸಿ ಕೊಟ್ಟವಳು ನಾನು.
ನೀವು ಲೋಟ ಎತ್ತಿದಿರಿ. ಹಲ್ಲು ಕಾಣುವಂತೆ ನಕ್ಕಿರಿ.
ಮುಂದಿನ ಸೆಪ್ಟೆಂಬರಿನಲ್ಲಿ ಒಲೆಯ ಮುಂದೆ ಕೂತು
ಸಂಕೇತ ಪುಸ್ತಕಗಳನ್ನು ಹಾಳೆ ಹಾಳೆ ಸುಡುವಾಗ
ಆ ತಂತಿಯ ಪ್ರತಿಯನ್ನು ಮಾತ್ರ ನೀವೇ ಹಾಕಿದಿರಿ,
ಬರಿಗೈಯಲ್ಲಿ, ಇಕ್ಕಳ ಪಕ್ಕದಲ್ಲೇ ಇದ್ದರೂ.
ಮುದ್ರೆ ನನ್ನ ಕಾಲುಚೀಲದೊಳಗೆ ಸ್ಟಾಕ್‌ಹೋಮ್ ದಾಟಿತು.

ಲಂಡನ್. ನಲವತ್ತೈದರ ಜುಲೈ.
ನಮ್ಮ ಸರ್ಕಾರಕ್ಕೆ ಮಾನ್ಯತೆ ಇಲ್ಲ ಎಂದಿತು ರೇಡಿಯೋ,
ಹವಾಮಾನ ವರದಿಗೆ ಮೊದಲು.
ಎಕ್ಸಲೆನ್ಸಿ ಲುದೋಮಿರ್ ಓಲ್ಶಾನ್ಸ್ಕಿಯವರು ಆಮೇಲೆ
ಹೋಟೆಲೊಂದರ ನೆಲಮಾಳಿಗೆಯಲ್ಲಿ ಬೆಳ್ಳಿ ಚಮಚ ಉಜ್ಜಿದರು,
ವಾರಕ್ಕೆ ಆರು ದಿನ, ಉಗುರು ಕಪ್ಪಾಗುವವರೆಗೆ.
ಏಳನೆಯ ದಿನ ಈಲಿಂಗ್‌ನ ಬಾಡಿಗೆ ಪಾತಿಯಲ್ಲಿ ಕರಂಟಿನ ಪೊದೆ.

ಹೆರ್ಷ್ ಏನಾದನೆಂದು ಲುಬ್ಲಿನ್ನಿಗೆ ಎರಡು ಪತ್ರ ಬರೆದಿರಿ.
ಎರಡೂ ವಾಪಸು ಬಂದವು,
ಮೇಲೆ ಬೇರೊಂದು ಹದ್ದು. ಕಿರೀಟವಿಲ್ಲದ್ದು.
ಅವತ್ತು ಸಂಜೆಯೇ ನೀವು ಮೊದಲ ಬಾಟಲಿಗೆ ಅರಗು ಸುರಿದದ್ದು.
ಮುದ್ರೆ ಒತ್ತಿ, ನೋಂದಣಿ ಪುಸ್ತಕ ತೆರೆದು,
ಕ್ರಮಸಂಖ್ಯೆ, ದಿನಾಂಕ. ವಿಷಯ: ನೆಲ್ಲಿಕಾಯಿ. ಗೋಪ್ಯ.
ನಾನು ನಕ್ಕೆ. ನೀವು ನಗಲಿಲ್ಲ.
ಬ್ಲಾಟಿಂಗ್ ಕಾಗದ ಕೇಳಿದಿರಿ.

ಬ್ರೆಡ್ಡಿಗೆ ಹಚ್ಚಿಕೊಂಡು ತಿಂದೆ, ನಿಂತೇ.
ಹುಳಿ. ಸಕ್ಕರೆಗೆ ರೇಷನ್ನಿದ್ದ ವರ್ಷದ್ದು.
ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ:
ತೆರೆದವರು, ಸಾಲೊಮೆಯಾ ವ್ರೋನ್ಸ್ಕಾ.
ಸ್ವೀಕರಿಸಲಾಗಿದೆ. ಉತ್ತರ ಬೇಕಿಲ್ಲ.

ರೆಕ್ಕೆ ಇನ್ನೂ ಸಿಂಕಿನ ಜಾಲರಿಯಲ್ಲೇ ಇದೆ.
ನೀರು ಬಿಡಲು ಮನಸ್ಸಾಗದೆ
ಪಾತ್ರೆಗಳನ್ನು ಹಾಗೇ ಬಿಟ್ಟು ಕೂತಿದ್ದೇನೆ.