ಎಡಗೈ ಡೆಸ್ಮಂಡನದು, ಬಲಗೈ ನನ್ನದು

ಬೆಂಡಿಗೋದಲ್ಲಿ ಮಂಗಳವಾರ, ಗುರುವಾರ, ಶನಿವಾರ
ಬೆಳಿಗ್ಗೆ ಏಳಕ್ಕೆ ನನ್ನ ಎಡತೋಳಿಗೆ ಎರಡು ಸೂಜಿ.
ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಮಿಂದು,
ತುಸು ತಣ್ಣಗಾಗಿ ಮರಳುತ್ತದೆ.
ನಾಲ್ಕು ತಾಸು. ತೋಳು ಮಿಸುಕಿದರೆ
ವಾರ್ಡಿಗೆಲ್ಲ ಕೇಳುವಂತೆ ಚಾಡಿ ಹೇಳುತ್ತದೆ ಯಂತ್ರ.

ಬಲಕ್ಕೆ ಡೆಸ್ಮಂಡ್ ಟ್ರೆಗೆನ್ಝಾ,
ನಲವತ್ತು ವರ್ಷ ಟ್ರ್ಯಾಮ್ ಡಿಪೋದಲ್ಲಿ ಬ್ರೇಕು ಬಿಗಿದವನು.
ಎಡಚ. ಅದಕ್ಕೇ ಸೂಜಿ ಅವನ ಬಲತೋಳಿಗೆ.
ಹೀಗೆ ಎರಡು ಕುರ್ಚಿಗಳ ನಡುವೆ
ಬಿಡುವಾಗಿ ಉಳಿದದ್ದು ಎರಡೇ ಕೈ,
ಅವನದೊಂದು, ನನ್ನದೊಂದು,
ಪರಿಚಯವಿಲ್ಲದೆ ಅಕ್ಕಪಕ್ಕ.

ಹೊತ್ತು ಹೋಗಲೆಂದು ಮಗಳು ಫೋನಿಗೆ
ಎಮ್ಯುಲೇಟರ್ ಹಾಕಿಕೊಟ್ಟಿದ್ದಳು.
ತೆರೆದರೆ, ಹಳದಿ ಟೊಪ್ಪಿಗೆಯ ಆ ಗಣಿಗಾರ!
ಉಗುರಿನಷ್ಟೇ ಎತ್ತರ, ಚೌಕ ಚೌಕ ಮೀಸೆ.

ದಾವಣಗೆರೆ, ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆ,
ಗಂಟೆಗೆ ಐದು ರೂಪಾಯಿ.
ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರ ಆಟವೆಂದು ಬರೆದಿತ್ತು,
ಒಳಗಿದ್ದದ್ದು ಹನ್ನೊಂದು.
ಓಡದಿದ್ದರೆ ಕಿತ್ತು, ಬುಡಕ್ಕೆ ಉಫ್ ಎಂದು ಊದಿ,
ಮತ್ತೆ ಸಿಕ್ಕಿಸುವುದು;
ದೀಪ ಆರಿಸುವಾಗಲೂ ಅಷ್ಟು ಶ್ರದ್ಧೆಯಿಂದ ಊದಿದವಳಲ್ಲ.
ಹುಡುಗಿಯ ಸರದಿ ಕೊನೆಗೆ.
ನಾನು ಏಳನೆಯ ಗುಹೆ ಮುಟ್ಟುವುದಕ್ಕೂ
ಆರೂವರೆಗೆ ಕರೆಂಟು ಹೋಗುವುದಕ್ಕೂ ಸರಿಹೋಗುತ್ತಿತ್ತು.

ಈಗ ಕರೆಂಟಿದೆ. ಗುಂಡಿಯಿಲ್ಲ.
ಗಾಜಿಗೆ ಏರಿಲ್ಲ, ತಗ್ಗಿಲ್ಲ,
ಹೆಬ್ಬೆರಳು ಕತ್ತಲಲ್ಲಿ ಸ್ವಿಚ್ಚು ಹುಡುಕಿದ ಹಾಗೆ ತಡಕುತ್ತದೆ.
ಒಂದೇ ಕೈಯಲ್ಲಿ ಓಡಿಸಬೇಕು, ಹಾರಿಸಬೇಕು.
ಮೊದಲ ಹೊಂಡಕ್ಕೇ ಬಿದ್ದೆ, ಎರಡು ವಾರ ಬಿದ್ದೆ.

ಡೆಸ್ಮಂಡ್ ನೋಡುವಷ್ಟು ನೋಡಿ ಕೆಮ್ಮಿದ:
‘ಓಡಿಸುವುದು ನನಗೆ ಬಿಡು. ನೀನು ಹಾರು.’

ನಡುವೆ ಊಟದ ತಟ್ಟೆ, ತಟ್ಟೆಯ ಮೇಲೆ ಫೋನು.
ಆದರೆ ಬಾಣಗಳೆಲ್ಲ ನನ್ನ ಕಡೆ,
ಹಾರುವ ಗುಂಡಿ ಅವನ ಕಡೆ.
ನರ್ಸ್ ಮಾರಿಸೆಲ್ ಕೈಗವಸು ಬಿಚ್ಚಿ,
ಗುರುತುಗಳನ್ನು ಒಂದೊಂದಾಗಿ ಎಳೆದು
ಆಚೆಯದನ್ನು ಈಚೆಗೆ ಕೂರಿಸಿದಳು.
ಹಳೆಯ ಪೆಟ್ಟಿಗೆ ಇಂಥದ್ದಕ್ಕೆಲ್ಲ ಒಪ್ಪುತ್ತಿರಲಿಲ್ಲ.

ಆಮೇಲೆ ಜಗಳ.
ಅವನು ಇಳಿಜಾರಿನ ಟ್ರ್ಯಾಮಿನಂತೆ ತಡೆತಡೆದು,
ನಾನು ಕಾದ ಎಣ್ಣೆಯ ಸಾಸಿವೆ.
ನಾನು ಹಾರಿದಾಗ ಅವನು ನಿಂತಿರುತ್ತಾನೆ,
ಅವನು ಓಡಿದಾಗ ನಾನು ನೀರು ಕುಡಿಯುತ್ತಿರುತ್ತೇನೆ,
ಅದೂ ಅಳತೆಯ ನೀರು.
‘ಹಾರು’ ಅನ್ನಲು ಕಲಿಸಿದೆ.
ಅವನ ಬಾಯಲ್ಲಿ ಅದು ‘ಹರೂ’.
ಗಣಿಗಾರನಿಗೆ ಮೂರು ಜೀವ.
ನಮ್ಮ ಲೆಕ್ಕ ನಾವು ಎತ್ತುವುದಿಲ್ಲ.

ಒಂದು ಗುರುವಾರ, ಏಳನೆಯ ಗುಹೆಯ ದೊಡ್ಡ ಹೊಂಡದ ಮೇಲೆ
ಅವನು ಗಾಳಿಯಲ್ಲಿರುವಾಗಲೇ
ನನ್ನ ಯಂತ್ರ ಬೀಪ್ ಎಂದಿತು. ತಾಸು ಮುಗಿಯಿತು.
ಹಾಗೆಯೇ ಸೇವ್ ಮಾಡಿದೆವು,
ಕಾಲು ಮಡಚಿದ್ದು ಮಡಚಿದಂತೆ, ಟೊಪ್ಪಿಗೆ ತುಸು ಎದ್ದದ್ದು ಎದ್ದಂತೆ.
ತ್ರಿಶಂಕುವಿಗಾದರೂ ಒಂದು ಸ್ವರ್ಗ ಸಿಕ್ಕಿತು.
ಇವನಿಗೆ ಶನಿವಾರ.

ಶುಕ್ರವಾರ ಅಡುಗೆಮನೆಯಲ್ಲಿ, ಕುಕ್ಕರ್ ಎರಡನೆಯ ಸೀಟಿ ಹಾಕುವ ಮುಂಚೆ,
ಫೋನು ಕೈಗೆತ್ತಿಕೊಂಡೆ.
ಎರಡೂ ಕೈ ನನ್ನವೇ. ಯಾರ ಹಂಗೂ ಇಲ್ಲ.
ಬಿದ್ದೆ. ಮತ್ತೆ ತೆರೆದೆ. ಬಿದ್ದೆ.
ನನ್ನ ಎಡಗೈಗೆ ದಾರಿಯೇ ಗೊತ್ತಿಲ್ಲ,
ಬಲಗೈ ಯಾರದೋ ದನಿಗೆ ಕಾಯುತ್ತದೆ.
ಕದ್ದು ತಿಂದವಳ ಹಾಗೆ ಬಾಯೊರೆಸಿಕೊಂಡು
ಅವನನ್ನು ಮತ್ತೆ ಹೊಂಡದ ಮೇಲೆ ತೂಗಿಬಿಟ್ಟು ಬಂದೆ.

ಶನಿವಾರ ಒಪ್ಪಿಕೊಂಡೆ.
ಡೆಸ್ಮಂಡನ ಕಿವಿ ಕೆಂಪಾಯಿತು.
ಅವನೂ ಮೊಮ್ಮಗಳ ಟ್ಯಾಬ್ಲೆಟ್ಟಿಗೆ ಹಾಕಿಸಿಕೊಂಡು,
ಎರಡು ರಾತ್ರಿ ಕೂತು,
ಏಳನೆಯದನ್ನು ದಾಟಿಯೇಬಿಟ್ಟಿದ್ದಾನೆ, ಕಳ್ಳ.

‘ಮುಂದೇನಿದೆ?’
‘ಮತ್ತೆ ಮೊದಲ ಗುಹೆ. ಅದೇ ಕಲ್ಲು, ಅದೇ ಏಣಿ.
ಗೋಡೆ ಮಾತ್ರ ನೀಲಿ.’

ಮೂವತ್ತನಾಲ್ಕು ವರ್ಷ ಕಾದದ್ದು ಇದಕ್ಕೆ.
ಮಾರಿಸೆಲ್ ಟೇಪು ಕಡಿದು ತೋಳಿಗಂಟಿಸಿದಳು.
‘ಎಂಥ ನೀಲಿ, ನೋಡೇಬಿಡೋಣ’ ಎಂದು
ಫೋನನ್ನು ತಟ್ಟೆಯ ಮೇಲಿಟ್ಟೆ.
ಡೆಸ್ಮಂಡ್ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ,
ಉಸಿರು ಕಟ್ಟಿದ,
ಹರೂ.