ಬಾಕಿ ಚಿಲ್ಲರೆ

ಶಿವಾಜಿನಗರದಲ್ಲಿ ಬಸ್ಸು ನಿಂತಿದೆ.
ಡ್ರೈವರಣ್ಣ ಟೀಗೆ ಇಳಿದರು. ನನಗೆ ಹನ್ನೊಂದು ನಿಮಿಷ.
ಅಷ್ಟರಲ್ಲಿ ಡಿಸೆಂಬರಿನ ಲೆಕ್ಕ ಮುಗಿಯಬೇಕು,
ಟ್ರಿಪ್ ಶೀಟಿನ ಹಿಂದೆ,
ಕಿಟಕಿ ಎಳೆದರೂ ನುಗ್ಗುವ ಥಂಡಿಯಲ್ಲಿ ಬೆರಳು ಮಡಿಸುತ್ತ.

ಇಪ್ಪತ್ನಾಲ್ಕರ ರಾತ್ರಿ ಆಸ್ಪತ್ರೆಯಲ್ಲಿ ಇನ್ನಾಸಿಯ ಪಾಳಿ.
ಸ್ಟ್ರೆಚರ್ ತಳ್ಳುವವರಿಗೆ ಯೇಸು ಹುಟ್ಟಿದರೂ ರಜೆಯಿಲ್ಲ.
ಇಪ್ಪತ್ತೈದರ ಮುಂಜಾನೆ ಐದೂವರೆಗೆ ನನ್ನ ಮೊದಲ ಬಸ್ಸು.
ನಾನು ಎದ್ದ ಹಾಸಿಗೆಯಲ್ಲಿ ಅವನು ಬಂದು ಮಲಗುತ್ತಾನೆ,
ಬೀಗದ ಕೈ ಮಾತ್ರ ಪಕ್ಕದ ಮನೆಯಲ್ಲಿ ಕೈ ಬದಲು.
ಹಾಗಾಗಿ ನಮ್ಮ ಕ್ರಿಸ್ತಜಯಂತಿ ಮಧ್ಯಾಹ್ನ ಮೂರೂವರೆಗೆ.
ಗೋದಲಿಯ ಕೂಸು ಕಾಯುತ್ತದೆ.
ಅತ್ತೆ ಕಾಯುವುದಿಲ್ಲ, ಸಕ್ಕರೆ ಕಾಯಿಲೆ, ಒಂದಕ್ಕೆ ಊಟ.

ಇಪ್ಪತ್ಮೂರರ ಸಂಜೆ, ಅದೊಂದು ಸಂಜೆ,
ಎಲ್ಲರೂ ಒಂದೇ ಮನೆಯಲ್ಲಿ, ಒಂದೇ ಲೈಟಿನ ಕೆಳಗೆ.
ಪಾತ್ರೆಯ ಸುತ್ತ ಕೂತು ಅವರೆಕಾಳು ಹಿದುಕುವುದು,
ಚಿಮ್ಮಿದ ಕಾಳಿಗೆ ಮಕ್ಕಳು ಮಂಚದಡಿ ನುಸುಳುವುದು,
ಉಗುರಿನ ಸೊಗಡು ಹೊಸ ವರ್ಷದವರೆಗೂ ಹೋಗದಿರುವುದು.
ಇದಕ್ಕೆ ಖರ್ಚು: ಎರಡು ಕೇಜಿ ಕಾಯಿ.

ಇನ್ನು ಉಡುಗೊರೆ. ಚೀಟಿ ದುಡ್ಡು ನಾಲ್ಕು ಸಾವಿರದ ಇನ್ನೂರು.
ಅತ್ತೆಗೆ ಸ್ವೆಟರು ಬೇಡ, ಹೋದ ವರ್ಷದ್ದು ಬೀರುವಿನಲ್ಲೇ ಇದೆ,
ಬೆಲೆಚೀಟಿ ಸಮೇತ, ಬಂದವರಿಗೆ ತೋರಿಸಲು.
ಜೆಸಿಂತಾಗೆ ಸೈಕಲ್ಲು ಬೇಕಂತೆ. ಆಗದು.
ಬೆಲ್ಲು ತರಬಹುದು,
ಮಿಕ್ಕದ್ದು ಹಿಂದಿನ ಬಸ್ಸಿನಲ್ಲಿ ಬರ್ತಾ ಇದೆ ಅನ್ನಬಹುದು.
ಮೈದುನ ಚೌರಿಯ ಅವಳಿಗಳಿಗೆ ಒಂದೇ ಬಣ್ಣದ್ದು ಎರಡು,
ಇಲ್ಲದಿದ್ದರೆ ಹಬ್ಬದ ದಿನ ರಕ್ತಪಾತ.
ಇನ್ನಾಸಿಗೆ ಸಾಕ್ಸು. ಅವನಿಂದ ನನಗೆ ಸಾಕ್ಸು.

ಪಾದ್ರಿಗಳಿಗೆ ಏನಾದರೂ ಆಗಬೇಕಲ್ಲ ಎಂದು
ನಿನ್ನೆ ಅಟ್ಟದಿಂದ ಹಾಟ್‌ಬಾಕ್ಸು ಇಳಿಸಿದೆ,
ಹೋದ ವರ್ಷ ಚೌರಿ ಕೊಟ್ಟದ್ದು, ಬಿಚ್ಚಿರಲಿಲ್ಲ.
ಕಾಗದ ಮಾಸಿತ್ತು. ತೆಗೆದರೆ ಒಳಗೆ ಇನ್ನೊಂದು ಕಾಗದ,
ನಾದಿನಿಯ ಗೃಹಪ್ರವೇಶದ್ದು.
ಅದರೊಳಗೆ ಗಂಟೆಗಳ ಚಿತ್ರದ ಕೆಂಪು ಕಾಗದ,
ಮೇಲೆ ನನ್ನದೇ ಅಕ್ಷರ, ಆಗ ಇನ್ನೂ ದುಂಡಗಿತ್ತು:
ಲೂರ್ದು ಚಿಕ್ಕಮ್ಮನಿಗೆ, ಪ್ರೀತಿಯಿಂದ.

ನಕ್ಕೆ. ಆಮೇಲೆ ಸಿಟ್ಟು ಬಂತು.
ಆಮೇಲೆ ಸ್ಟೂಲಿನ ಮೇಲೇ ಕೂತೆ.
ಏಳು ವರ್ಷ, ಎಷ್ಟೋ ಮನೆ ಸುತ್ತಿ, ಯಾರ ಅನ್ನವನ್ನೂ ಬಿಸಿ ಇಡದೆ
ವಾಪಸು ಬಂದ ಪೆಟ್ಟಿಗೆ.
ಅಮ್ಮ ಹೋದ ವರ್ಷ ಜಗಳವಾದದ್ದು ಚಿನ್ನಕ್ಕಲ್ಲ,
ಗುಲಾಬಿ ಹೂವಿನ ಹಿತ್ತಾಳೆ ಅಚ್ಚಿಗೆ.
ಅಕ್ಕ ನನಗೆ ಹೇಳಿದ್ದಳು ಎಂದರು ಚಿಕ್ಕಮ್ಮ.
ನಾನು ಅಚ್ಚು ಕೊಡಲಿಲ್ಲ, ಹಬ್ಬಕ್ಕೆ ಹಾಟ್‌ಬಾಕ್ಸು ಕೊಟ್ಟೆ.
ಹೇಳಿದ್ದು ನನಗೂ ಕೇಳಿಸಿತ್ತು,
ವಾರ್ಡಿನಲ್ಲಿ, ಕಿತ್ತಳೆ ಸುಲಿಯುತ್ತ ಕೂತಿದ್ದೆ.

ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತೇವೆ,
ಏಳು ರೂಪಾಯಿ, ಸುತ್ತ ಒಂದು ಸೊನ್ನೆ.
ಕೆಲವರು ಕೇಳಿ ಇಸಿದುಕೊಳ್ಳುತ್ತಾರೆ.
ಕೆಲವರು ನಿದ್ದೆಗಣ್ಣಲ್ಲಿ ಇಳಿದು ಹೋಗುತ್ತಾರೆ.
ಕೆಲವರು ನೆನಪಿದ್ದೂ ಕೇಳುವುದಿಲ್ಲ,
ಮೆಟ್ಟಿಲ ಮೇಲೆ ಒಮ್ಮೆ ನಮ್ಮ ಮುಖ ನೋಡುತ್ತಾರೆ, ಅಷ್ಟೆ.

ಡ್ರೈವರಣ್ಣ ಬಂದರು, ಮೀಸೆಯ ಮೇಲೆ ಟೀ ಹಬೆ.
ಹಾಳೆಯ ಕೊನೆಯಲ್ಲಿ ಬರೆದೆ: ಲೂರ್ದು. ಅಚ್ಚು, ಒಂದು.
ಸುತ್ತ ಸೊನ್ನೆ ಹಾಕಿದೆ.
ಕಾಗದ ಸುತ್ತುವುದಿಲ್ಲ, ಹುಣಸೆಹಣ್ಣಿನಲ್ಲಿ ತಿಕ್ಕಿ ಕೊಡುತ್ತೇನೆ.
ಫೋನು ಎತ್ತದಿದ್ದರೆ ಇಪ್ಪತ್ತೆರಡಕ್ಕೆ ವೀಕ್ಲಿ ಆಫಿದೆ, ನಾನೇ ಹೋಗುತ್ತೇನೆ.
ಲಿಂಗರಾಜಪುರದಿಂದ ಬಾಣಸವಾಡಿ ಎಷ್ಟು ದೂರ.
ಹೆಂಗಸರಿಗೆ ಈಗ ಟಿಕೆಟ್ಟಿಗೂ ಸೊನ್ನೆ ರೂಪಾಯಿ.
ಇಪ್ಪತ್ಮೂರರ ಸಂಜೆಗೆ ಇನ್ನರ್ಧ ಕೇಜಿ ಅವರೆಕಾಯಿ ಸೇರಿಸಿದೆ.
ಬರದಿದ್ದರೆ ಉಪ್ಪಿಟ್ಟಿಗಾಯಿತು.

ಒಳಗೆ ಹೋಗ್ರೀ, ಒಳಗೆ, ಬಾಗಿಲಲ್ಲಿ ನಿಲ್ಲಬೇಡಿ,
ಸೀಟಿದೆ ಹಿಂದೆ.
ರೈಟ್.