ಮೆಮಿಕ್‌ಗೆ, ಬುಧವಾರದ ಬಗ್ಗೆ

ಹೆದರಬೇಡ ಮೆಮಿಕ್, ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ.
ಹೋದ ಬುಧವಾರ ನಾನೇ ಹೋಗಿ ಬಂದೆ.
ಮೊದಲು ಕಿವಿಯೊಳಗೊಂದು ದೀಪ ಇಳಿಸಿ ನೋಡುತ್ತಾಳೆ,
ಬೆರ್ಫಿನ್ ಅಂತ, ನಿನ್ನ ಕಿರಿಮಗಳಿಗಿಂತ ಚಿಕ್ಕವಳು.
ಗುಗ್ಗೆ ಇದೆ ಅಂದಳು, ತೆಗೆದಳು.
ಅಷ್ಟಕ್ಕೇ ವಾಸಿಯಾಯಿತೆಂದು ಟೋಪಿ ಎತ್ತಿಕೊಂಡರೆ
‘ಕೂತ್ಕೊಳ್ಳಿ ಉಸ್ತಾ, ಇನ್ನೂ ಶುರುವೇ ಆಗಿಲ್ಲ.’

ಆಮೇಲೆ ಪೆಟ್ಟಿಗೆ.
ನಮ್ಮ ಇದ್ದಿಲಿನ ಗೂಡಿನಷ್ಟು ಕೋಣೆ,
ಗೋಡೆಗೆಲ್ಲ ಸ್ಪಂಜು, ಬಾಗಿಲು ಗೇಣು ದಪ್ಪ.
ಮುಚ್ಚಿದಳು ನೋಡು,
ಐವತ್ತೊಂದು ವರ್ಷದಲ್ಲಿ ಮೊದಲ ಸಲ
ಆಂತೆಪಿನ ತಾಮ್ರದ ಬೀದಿ ನನ್ನ ತಲೆಯಿಂದ ಆಚೆ ನಿಂತಿತು.
ಸುತ್ತಿಗೆಯಿಲ್ಲ, ಅಡಿಗಲ್ಲಿಲ್ಲ,
ನಿನ್ನ ಕೆಮ್ಮಿಲ್ಲ.

ಕೈಗೊಂದು ಗುಂಡಿ ಕೊಡುತ್ತಾಳೆ.
ಸದ್ದು ಕೇಳಿದರೆ ಒತ್ತು, ಎಷ್ಟು ಸಣ್ಣದಾದರೂ ಸರಿ.
ಮೊದಮೊದಲು ದಪ್ಪ ಸದ್ದು, ಹಂಡೆಯ ತಳಕ್ಕೆ
ಮರದ ಕೊಡತಿ ಬಿದ್ದ ಹಾಗೆ. ಒತ್ತಿದೆ.
ಮತ್ತೆ ಕೊಳಗದ್ದು, ಮತ್ತೆ ಚೊಂಬಿನದ್ದು. ಒತ್ತಿದೆ.
ಕಾಫಿ ಬಟ್ಟಲ ಅಂಚಿನಷ್ಟು ತೆಳುವಾಯಿತು,
ಆಮೇಲೆ
ಏನೂ ಇಲ್ಲ.
ಗಾಜಿನಾಚೆ ಅವಳ ತಲೆ ಬಗ್ಗಿದೆ, ಏನೋ ಕಳಿಸುತ್ತಿದ್ದಾಳೆ,
ನನಗೆ ಬಂದು ಮುಟ್ಟುತ್ತಿಲ್ಲ.

ನಾಚಿಕೆಯಾಗಿ ಸುಮ್ಮಸುಮ್ಮನೆ ಒತ್ತಿದೆ.
ನೀನೂ ಒತ್ತುತ್ತೀ, ನನಗೆ ಗೊತ್ತು. ಬೇಡ. ಹಿಡಿದುಬಿಡುತ್ತಾಳೆ.
ಆದರೆ ಒಂದು ಮಾತ್ರ ಸುಳ್ಳಲ್ಲ:
ನಿಲ್ಲದೆ ಬರುತ್ತಲೇ ಇತ್ತು ಒಂದು ಸದ್ದು,
ತೆಳ್ಳಗೆ, ಬೆಳ್ಳಗೆ, ಎಳೆದೆಳೆದು ಸಣ್ಣಗಾದ ತಂತಿಯ ಹಾಗೆ.
ನಾನು ಗುಂಡಿ ಬಿಡಲೇ ಇಲ್ಲ.
ಬಾಗಿಲು ತೆಗೆದು ಬಂದಳು. ‘ನಾನೇನೂ ಹಾಕಿಲ್ಲವಲ್ಲ ಉಸ್ತಾ.
ಅದು ನಿಮ್ಮದೇ.’

ನನ್ನದೇ ಅಂತೆ.
ಇಷ್ಟು ವರ್ಷ ಹೊರಗೆ ಬಡಿದದ್ದು
ಒಳಗೆ ಅಂಗಡಿ ಇಟ್ಟಿದೆ, ಬಾಡಿಗೆಯಿಲ್ಲ, ರಜೆಯಿಲ್ಲ.

ಕಿವಿಯ ಹಿಂದಿನ ಎಲುಬಿಗೆ ಬಿಲ್ಲೆಯೊಂದನ್ನು ಒತ್ತುತ್ತಾಳೆ,
ಆಗ ಸದ್ದು ಬುರುಡೆಯಿಂದಲೇ ಬರುತ್ತದೆ. ಇನ್ನೊಂದು ಕಿವಿಗೆ
ಗಾಳಿಯ ಗದ್ದಲ ತುಂಬುತ್ತಾಳೆ, ಅದು ಕದ್ದು ಕೇಳಬಾರದಂತೆ.
ಇದಂತೂ ನಮ್ಮ ಕಸುಬೇ: ಪಾತ್ರೆಗೆ ಬೆರಳು ತಟ್ಟಿ
ಬಿರುಕು ತುಟಿಯಲ್ಲೋ ತಳದಲ್ಲೋ ಹುಡುಕುವುದು.
ನನ್ನದು ತಳದಲ್ಲಿದೆ. ಬೆಸುಗೆ ಹಿಡಿಯುವುದಿಲ್ಲ.

ಕೊನೆಗೆ ಮಾತು. ಬಾಯಿಗೆ ಕಾಗದ ಅಡ್ಡ ಹಿಡಿಯುತ್ತಾಳೆ.
ಅಲ್ಲಿ ಸಿಟ್ಟು ಬಂತು ನನಗೆ.
ತುಟಿ ನೋಡದೆ ಯಾರ ಮಾತು ಕೇಳಿದ್ದೇವೆ ನಾವು?
‘ತಾಶ್’ ಅಂದಳಂತೆ, ಕಲ್ಲು. ನನಗೆ ಬಂದದ್ದು ‘ಕಾಶ್’, ಹುಬ್ಬು.
‘ಬಾಶ್’ ಅಂದಳಂತೆ, ತಲೆ. ನಾನು ಮತ್ತೆ ಹುಬ್ಬೇ ಅಂದೆ.
ಇಪ್ಪತ್ತೈದು ಮಾತಿಗೆ ಹನ್ನೊಂದು ಸರಿ.
ಉಳಿದ ಹದಿನಾಲ್ಕರಲ್ಲಿ ಜೆಲಿಹಾ ಎಷ್ಟು ವರ್ಷ ಮಾತಾಡಿರಬೇಕು,
ನಾನು ಹೂಂ ಹೂಂ ಅಂದಿರಬೇಕು.

ಚೌಕುಳಿ ಕಾಗದ ತೋರಿಸಿದಳು. ಬಲಗಿವಿಗೆ ಕೆಂಪು ಸೊನ್ನೆ,
ಎಡಕ್ಕೆ ನೀಲಿ ಕತ್ತರಿ ಗುರುತು.
ಗೆರೆ ಸ್ವಲ್ಪ ದೂರ ಸಮನಾಗಿ ಬಂದು, ಧುಮುಕಿ, ತುಸು ಎದ್ದಿದೆ.
ಅವಳೇನೋ ವಿವರಿಸುತ್ತಿದ್ದಳು, ನನಗೆ ಕಂಡದ್ದು
ನನ್ನ ಹೂಜಿಯ ಮೂತಿ. ಅದೇ ಬಾಗು.
ಆ ಹಳ್ಳದಲ್ಲಿ ಏನೇನು ಬಿದ್ದಿದೆ, ಕೇಳಿದೆ.
ಗುಬ್ಬಿ, ಅಂದಳು. ಮಕ್ಕಳ ಪಿಸುಮಾತು.
ನೀರು ಕುದಿಯುವ ಮೊದಲಿನ ಸದ್ದು.
ನಾನೇ ಒಂದು ಸೇರಿಸಿದೆ: ಆಗಸ್ಟಿನ ರಾತ್ರಿ ತೋಟದಲ್ಲಿ
ಪಿಸ್ತಾ ಕಾಯಿ ಮರದಲ್ಲೇ ಬಿರಿಯುವ ಚಿಟ್ ಚಿಟ್.
ಬಿರಿಯುವುದನ್ನೇ ನಿಲ್ಲಿಸಿವೆ ಅಂದುಕೊಂಡಿದ್ದೆ ಮೆಮಿಕ್,
ಮರಕ್ಕೇ ಯಾವುದೋ ರೋಗ ಅಂತ.

ಯಂತ್ರ ಕೊಡುತ್ತಾರೆ, ಅವರೆಕಾಳಿನಷ್ಟು. ದುಡ್ಡಿನ ಮಾತು ಆಮೇಲೆ.
ಬುಧವಾರ ಹತ್ತಕ್ಕೆ ಹೋಗು. ಹಿಂದಿನ ದಿನ ಸುತ್ತಿಗೆ ಮುಟ್ಟಬೇಡ,
ಕಿವಿ ದಣಿದಿರಬಾರದಂತೆ.

ಏನು?
ಬುತ್ತಿ ಅಲ್ಲ. ಸುತ್ತಿಗೆ.
ಸುತ್ತಿಗೆ, ಮೆಮಿಕ್.
ಕೈಲಿರುವುದನ್ನು ಒಂದು ಗಳಿಗೆ ಕೆಳಗಿಡು,
ಇತ್ತ ತಿರುಗು, ನನ್ನ ತುಟಿ ನೋಡು,
ಮೊದಲಿಂದ ಹೇಳುತ್ತೇನೆ.